ಏಳನೇ ದಿನಕ್ಕೆ ಕಾಫಿ

ಕಳೆದ ತಿಂಗಳು ಚಿತ್ತಾಪುರದಲ್ಲಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಶ್ರದ್ಧಾಂಜಲಿ ಸಭೆ ನಡೆಯಿತು. ಎರಡು ಮಾತು ಹೇಳಿ ಎಂದು ನನ್ನನ್ನೂ ಕರೆದರು. ಎದ್ದು ಹೋಗಿ ಮೈಕ್ ಹಿಡಿದೆ. ಮನೆಯಿಂದ ಬರೆದುಕೊಂಡು ಹೋಗಿದ್ದ ಚೀಟಿ ಜೇಬಿನಲ್ಲೇ ಇತ್ತು, ಅದನ್ನು ತೆಗೆಯಲೂ ಆಗಲಿಲ್ಲ. "ಕಾಫಿ ಬೀಜ ಹುರಿದರೆ ಇವರು ಅದನ್ನು ಏಳು ದಿನ ಮುಟ್ಟುತ್ತಿರಲಿಲ್ಲ" ಎಂದಷ್ಟೇ ಹೇಳಿದೆ. ಕೆಲವರು ನಕ್ಕರು. ಮೊದಲ ಸಾಲಿನಲ್ಲಿದ್ದ ಅವರ ಹೆಂಡತಿಯೂ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. ನಾನು ಬಂದು ನನ್ನ ಕುರ್ಚಿಯಲ್ಲಿ ಕುಳಿತೆ.

ಅಂದು ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕೇಳಿದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಸಿಮೆಂಟ್ ಚೀಲದ ಮೇಲೆ ಪರೀಕ್ಷೆ ಮಾಡಿದವನ ಹೆಸರು ಇರುವುದಿಲ್ಲ, ಇರಬಾರದು ಎನ್ನುತ್ತಿದ್ದರು.

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಅವರು ಹಿರಿಯರು, ನಾನು ಅವರ ಕೈಕೆಳಗಿನವನು. ಅವರು ಸುಲೇಪೇಟದವರು. ಮನೆ ಮಾಡಿದ್ದು ಚಿತ್ತಾಪುರದಲ್ಲಿ. ನಾನು ಶಹಾಬಾದಿನಿಂದ ಹೊರಟು ವಾಡಿಯಲ್ಲಿ ರೈಲು ಗಾಡಿ ಬದಲಿಸುತ್ತಿದ್ದೆ. ಚಿತ್ತಾಪುರ ಸ್ಟೇಶನ್ನಿನಲ್ಲಿ ಅವರು ಹತ್ತುತ್ತಿದ್ದರು. ದಿನವೂ ಅದೇ ಡಬ್ಬಿ, ಅದೇ ಬಾಗಿಲು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ನಾನು ಮಾತ್ರ ಗಾಡಿಯಲ್ಲಿ ಕಾಕಾ, ಲ್ಯಾಬಿನಲ್ಲಿ ಸರ್ ಎನ್ನುತ್ತಿದ್ದೆ. ಅವರು ಎರಡೂ ಕಡೆ ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು.

ನಮ್ಮ ಕೆಲಸವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಾಫಿಯ ವಿಷಯ ಅರ್ಥವಾಗುವುದಿಲ್ಲ. ಸಿಮೆಂಟಿಗೆ ಮರಳು, ನೀರು ಸೇರಿಸಿ ಅಂಗೈಯಷ್ಟು ಅಗಲದ ಚೌಕ ಗಟ್ಟಿಗಳನ್ನು ಎರಕ ಹೊಯ್ಯುತ್ತೇವೆ. ಅವನ್ನು ಕ್ಯೂಬ್ ಎನ್ನುತ್ತೇವೆ. ಅವು ನೀರಿನ ತೊಟ್ಟಿಯಲ್ಲಿ ಮಲಗಿರುತ್ತವೆ. ಮೂರನೇ ದಿನ ಕೆಲವನ್ನು, ಏಳನೇ ದಿನ ಕೆಲವನ್ನು, ಇಪ್ಪತ್ತೆಂಟನೇ ದಿನ ಉಳಿದವನ್ನು ತೆಗೆದು ಯಂತ್ರದಲ್ಲಿ ಒತ್ತಿ ಒಡೆಯುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆಯುತ್ತೇವೆ. ಬೇರೆ ದಿನ ಒಡೆದರೆ ಆ ಅಂಕಿಗೆ ಬೆಲೆಯಿಲ್ಲ. ಅವರು ಈ ಕೆಲಸವನ್ನು ಮೂವತ್ತು ವರ್ಷಕ್ಕೂ ಮೇಲೆ ಮಾಡಿದ್ದರು. ಕೊನೆಗೆ ಇಡೀ ಲೋಕವನ್ನೇ ಹಾಗೆ ನೋಡುವ ಅಭ್ಯಾಸ ಬಂದಿತ್ತು. ಮನೆಯ ಉಪ್ಪಿನಕಾಯಿ ಭರಣಿಯ ಮೇಲೆ ತಾರೀಕು, ಹೊಸ ಸಾಬೂನಿನ ಮೇಲೆ ತಾರೀಕು, ಚಪ್ಪಲಿಯ ಅಡಿಯಲ್ಲಿ ತಾರೀಕು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತೇನೆ. ಕಾಕು ಒಮ್ಮೆ ನನಗೆ ರೊಟ್ಟಿ ಬಡಿಸುತ್ತ, "ನನ್ನ ಬೆನ್ನ ಮ್ಯಾಲೂ ಒಂದು ತಾರೀಕು ಬರ್ದಾರೇನು ನೋಡಪಾ, ನನಗ ಕಾಣಂಗಿಲ್ಲ" ಎಂದಿದ್ದರು.

"ಲಗ್ನಪತ್ರಿಕಿ ಮ್ಯಾಲೆ ಅದ. ಎರಡು ಕಡಿ ಬರೀಬಾರ್ದು" ಎಂದರು ಅವರು, ತಟ್ಟೆಯಿಂದ ತಲೆ ಎತ್ತದೆ.

ಕಾಫಿ ಅವರಿಗೆ ಹೇಗೆ ಅಂಟಿತು ಎಂಬುದು ಕೇಳಿದ ಸಂಗತಿ. ತರಬೇತಿಗೆಂದು ಎರಡು ವಾರ ಮೈಸೂರು ಕಡೆ ಹೋಗಿದ್ದರಂತೆ. ಅಲ್ಲಿನ ವಸತಿಗೃಹದ ಅಡುಗೆಯವನು ಬೆಳಗ್ಗೆ ಕೊಟ್ಟ ಫಿಲ್ಟರ್ ಕಾಫಿ ನಾಲಿಗೆಯ ಮೇಲೆ ಕೂತುಬಿಟ್ಟಿತಂತೆ. ನಮ್ಮ ಕಡೆ ಎಲ್ಲರದೂ ಚಹಾ. ಆದರೆ ನಮ್ಮ ಸಿಮೆಂಟಿನ ಲಾರಿಗಳು ಕಾಫಿ ಬೆಳೆಯುವ ಊರುಗಳಿಗೆ ಹೋಗುತ್ತಿದ್ದವು. ಒಬ್ಬ ಡ್ರೈವರ್ ಮರಳಿ ಬರುವಾಗ ಒಂದು ಗೋಣಿ ಚೀಲದಲ್ಲಿ ಹಸಿ ಬೀಜ ತಂದುಕೊಟ್ಟ. ಅವರ ಮನೆಯಲ್ಲಿ ನಡೆದದ್ದನ್ನು ಬಿಟ್ಟರೆ ಮುಂದಿನದೆಲ್ಲ ನಾನು ನೋಡಿದ್ದು.

ಮೊದಲ ಸಲ ಅವರು ಬೀಜವನ್ನು ಶೇಂಗಾ ಹುರಿದ ಹಾಗೆ ಹುರಿದರು, ಕಬ್ಬಿಣದ ಕಡಾಯಿಯಲ್ಲಿ, ಬೆಳಗಿನ ಆರು ಗಂಟೆಗೆ. ಶೇಂಗಾ ಬಿಸಿಯಿದ್ದಾಗ ರುಚಿ. ರೊಟ್ಟಿ ಬಿಸಿಯಿದ್ದಾಗ ರುಚಿ. ಕಾಫಿ ಬೀಜಕ್ಕೂ ಅದೇ ಲೆಕ್ಕ ಎಂದುಕೊಂಡು, ಇನ್ನೂ ಬೆಚ್ಚಗಿದ್ದಾಗಲೇ ಕಾಕುವಿನ ಮಿಕ್ಸರಿನಲ್ಲಿ ಪುಡಿ ಮಾಡಿ, ಡಬ್ಬಿಯಲ್ಲಿ ಹಾಕಿಕೊಂಡು ಗಾಡಿ ಹತ್ತಿದರು. ಹತ್ತು ಗಂಟೆಗೆ ಲ್ಯಾಬಿನ ಮೂಲೆಯ ಸ್ಟೋವಿನ ಪಕ್ಕ ಫಿಲ್ಟರ್ ಇಟ್ಟು ಬಿಸಿ ನೀರು ಹೊಯ್ದರು. ನೀರು ಕೆಳಗೆ ಇಳಿಯಲಿಲ್ಲ. ಪುಡಿಯೇ ಮೇಲಕ್ಕೆ ಎದ್ದಿತು. ನೊರೆ ಉಕ್ಕಿ ಮೇಜಿನ ಮೇಲೆ ಹರಿಯಿತು.

ಆ ಮೂಲೆ ಭೀಮವ್ವನದು. ಭೀಮವ್ವ ಮುಧೋಳದ ಕಡೆಯವಳು. ಲ್ಯಾಬಿನ ಕಸ ಗುಡಿಸುವುದು, ಒಡೆದ ಕ್ಯೂಬುಗಳನ್ನು ಹೊರಗೆ ಹಾಕುವುದು, ಹತ್ತಕ್ಕೆ ಮತ್ತು ಮೂರಕ್ಕೆ ಚಹಾ ಕುದಿಸುವುದು ಅವಳ ಕೆಲಸ. ಮಾತಿನಲ್ಲಿ ಯಾರಿಗೂ ಬಿಟ್ಟುಕೊಟ್ಟವಳಲ್ಲ.

"ಸಾಹೇಬ್ರ, ಉಕ್ಕಾಕತ್ತದ ನೋಡ್ರಿ. ಅರಿಬಿ ಒಗಿಯೂ ಪುಡಿ ಹಾಕೀರೇನು?"

"ಕಾಫಿ ಅದ ಭೀಮವ್ವ. ಕುಡದು ನೋಡು."

ಒಂದು ತಾಸು ಕಾದ ಮೇಲೆ ಇಳಿದಷ್ಟು ಡಿಕಾಕ್ಷನ್ನಿಗೆ ಹಾಲು, ಸಕ್ಕರೆ ಹಾಕಿ ಎಲ್ಲರಿಗೂ ಅರ್ಧರ್ಧ ಗ್ಲಾಸ್ ಕೊಟ್ಟರು. ಅದು ಹುಳಿ, ಜೊತೆಗೆ ಸುಟ್ಟ ವಾಸನೆ. ನಾವು ಐದು ಜನ "ಚಲೋ ಅದ ಸರ್" ಎಂದೆವು. ನಾನೂ ಅಂದೆ, ಅದನ್ನು ಮುಚ್ಚಿಡುವುದಿಲ್ಲ. ಭೀಮವ್ವ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಬಾಗಿಲು ದಾಟಿ ಹೋಗಿ ಬೇವಿನ ಮರದ ಬುಡಕ್ಕೆ ಉಗುಳಿದಳು. ಬಂದು ಗ್ಲಾಸನ್ನು ಅವರ ಮೇಜಿನ ಮೇಲೆ ಇಟ್ಟಳು.

"ಸುಟ್ಟ ಹುಣಸಿ ಬೀಜ ಕುದಿಸಿದಂಗ ಅದ್ರಿ. ಇನ್ನ ಮುಂದ ನನಗ ಕೊಡಬ್ಯಾಡ್ರಿ."

ಅವರು ಸಿಟ್ಟಾಗಲಿಲ್ಲ. ಕಿಸೆಯಿಂದ ಒಂದು ಸಣ್ಣ ಪುಸ್ತಕ ತೆಗೆದು ಬರೆದರು. ನಾನು ಹಿಂದೆ ನಿಂತು ಓದಿದೆ. "ಶೂನ್ಯ ದಿನ. ನೊರೆ ಬಹಳ. ನೀರು ಇಳಿಯದು. ಭೀಮವ್ವ ಉಗುಳಿದಳು."

ಸಂಜೆ ಗಾಡಿಯಲ್ಲಿ ನನಗೆ ಹೇಳಿದರು. "ತಮ್ಮಾ, ನೀವೆಲ್ಲಾ ನನಗ ಅಂಜಿ ಚಲೋ ಅಂತೀರಿ. ಲ್ಯಾಬಿನಾಗ ಖರೆ ನಾಲಗಿ ಅಂದ್ರ ಭೀಮವ್ವಂದು ಒಂದೇ. ಆಕಿ ಗ್ಲಾಸ್ ಖಾಲಿ ಮಾಡೂಮಟಾ ಇದು ಪಾಸಾಗಂಗಿಲ್ಲ."

ಅವರು ನನ್ನನ್ನು ಬೈದಿರಲಿಲ್ಲ. ಆದರೂ ಅಂದಿನಿಂದ ನಾನು ಯಾವುದನ್ನೂ ಸುಮ್ಮನೆ ಚಲೋ ಅಂದಿಲ್ಲ.

ತಪ್ಪು ಎಲ್ಲಿದೆ ಎಂದು ಅವರು ಯಾರನ್ನೂ ಕೇಳಲಿಲ್ಲ. ಸಿಮೆಂಟಿನ ಕ್ರಮವನ್ನೇ ಹಿಡಿದರು. ಒಂದು, ಮೂರು, ಏಳು, ಇಪ್ಪತ್ತೆಂಟು. ಒಂದೇ ದಿನ ಹುರಿದ ಬೀಜವನ್ನು ನಾಲ್ಕು ಪಾಲು ಮಾಡಿ, ಆಯಾ ದಿನಕ್ಕೆ ಪುಡಿ ಮಾಡಿ ಕುಡಿದು ನೋಡುವುದೆಂದು ನಿರ್ಧರಿಸಿದರು. ಇಲ್ಲಿಯೇ ನಮ್ಮಂಥವರು ಮಾತ್ರ ಮಾಡುವ ಒಂದು ತಪ್ಪು ಮಾಡಿದರು. ಸಿಮೆಂಟಿನ ಮಾದರಿಗೆ ಗಾಳಿ ತಾಗಬಾರದು. ಆದ್ದರಿಂದ ಅದನ್ನು ಡಬ್ಬಿಯ ಬಾಯಿಯವರೆಗೆ ತುಂಬಿ, ಮುಚ್ಚಳ ಬಡಿದು ಕೂರಿಸಿ, ಸುತ್ತ ಟೇಪು ಸುತ್ತಿ ಇಡುತ್ತೇವೆ. ಅವರು ಬೀಜವನ್ನೂ ಹಾಗೆಯೇ ತುಂಬಿ ಇಟ್ಟರು. ನಾಲ್ಕು ಡಬ್ಬಿ, ನಾಲ್ಕಕ್ಕೂ ತಾರೀಕು, ಗೋಡೆಯ ಹಲಗೆಯ ಮೇಲೆ ಸಾಲಾಗಿ.

ಮರುದಿನ ಹನ್ನೊಂದೂ ಇಪ್ಪತ್ತಕ್ಕೆ ಢಬ್ ಎಂದು ಸದ್ದಾಯಿತು. ನಾನು ಯಂತ್ರದ ಮುಂದೆ ಇದ್ದೆ. ಕ್ಯೂಬ್ ಒಡೆಯಿತೆಂದುಕೊಂಡೆ. ಆದರೆ ಯಂತ್ರದಲ್ಲಿ ಕ್ಯೂಬ್ ಇರಲಿಲ್ಲ. ಒಂದು ಮುಚ್ಚಳ ಸೂರಿಗೆ ಬಡಿದು ಭೀಮವ್ವನ ಕಾಲ ಬಳಿ ತಿರುಗುತ್ತ ಬಿದ್ದಿತ್ತು. ಅವಳು ಪೊರಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದಳು.

"ಬಾಂಬ್ ಇಟ್ಟೀರೇನ್ರಿ ಸಾಹೇಬ್ರ? ನಾ ಕುಡಿಯಂಗಿಲ್ಲ ಅಂದಿದ್ದಕ್ಕ ಹೊಡೀಲಾಕ ಬಂದಾವೇನು ಇವು?"

ಅವರು ಉಳಿದ ಮೂರು ಡಬ್ಬಿಗಳ ಟೇಪನ್ನು ಮೆಲ್ಲಗೆ ಬಿಡಿಸಿದರು. ಒಂದೊಂದೂ ಉಸ್ ಎಂದಿತು. ಒಂದರ ಬಾಯಿಗೆ ಕಿವಿ ಇಟ್ಟು ಕಣ್ಣು ಮುಚ್ಚಿ ಕೇಳಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಇವು ಉಸುರು ಬಿಡಾಕತ್ಯಾವ ತಮ್ಮಾ. ಅದಕ್ಕ ನೀರು ಒಳಗ ಬಿಟ್ಟುಕೊಂಡಿಲ್ಲ ಅವತ್ತು. ಒಳಗಿಂದು ಹೊರಗ ಬರಾಕತ್ತಿತ್ತು, ಹೊರಗಿಂದು ಒಳಗ ಹ್ಯಾಂಗ ಹೋಗ್ತದ?"

ಮರುದಿನ ಗಾಜಿನ ಬಾಟಲಿಯಲ್ಲಿ ಹೊಸದಾಗಿ ಹುರಿದ ಬೀಜ ತುಂಬಿ, ಬಾಯಿಗೆ ಮೊಮ್ಮಗಳ ಹುಟ್ಟುಹಬ್ಬದಲ್ಲಿ ಉಳಿದಿದ್ದ ಒಂದು ಕೆಂಪು ಬಲೂನು ಕಟ್ಟಿ ತಂದರು. ಸಂಜೆಗೆ ಬಲೂನು ಎದ್ದು ನಿಂತಿತು. ದಿನವೂ ಒಂಬತ್ತೂವರೆಗೆ ಬಲೂನಿನ ಗಾಳಿಯನ್ನು ಪೂರ್ತಿ ತೆಗೆದು ಮತ್ತೆ ಕಟ್ಟುವುದು, ಮರುದಿನ ಅದೇ ಹೊತ್ತಿಗೆ ಅದರ ಸುತ್ತಳತೆಯನ್ನು ದಾರದಿಂದ ಅಳೆಯುವುದು ನನ್ನ ಪಾಲಿನ ಕೆಲಸ. ಮೊದಲ ದಿನ ಮೋಸಂಬಿಯಷ್ಟು, ಮೂರನೇ ದಿನ ನಿಂಬೆಯಷ್ಟು, ಐದನೇ ದಿನ ಬೋರೆಹಣ್ಣಿನಷ್ಟು. ಏಳನೇ ದಿನ ಅಳೆಯುವಂಥದ್ದು ಏನೂ ಇರಲಿಲ್ಲ, ಬಲೂನು ಪಕ್ಕಕ್ಕೆ ಒರಗಿ ಮಲಗಿತ್ತು. ಅಂದು ಪುಡಿ ಮಾಡಿದರು. ನೀರು ಸದ್ದಿಲ್ಲದೆ ಇಳಿಯಿತು. ಕಾಫಿ ದುಂಡಗಿತ್ತು, ಹುಳಿಯಿರಲಿಲ್ಲ. ನನಗೆ ಅದನ್ನು ಬೇರೆ ರೀತಿಯಲ್ಲಿ ಹೇಳಲು ಬರುವುದಿಲ್ಲ. ಇಪ್ಪತ್ತೆಂಟನೇ ದಿನದ ಪಾಲನ್ನೂ ಬಿಡದೆ ಕುಡಿದರು. ಅದರಲ್ಲಿ ಬಣ್ಣವಷ್ಟೇ ಉಳಿದಿತ್ತು.

"ಸಿಮೆಂಟ್ ಇಪ್ಪತ್ತೆಂಟಕ್ಕ ಗಟ್ಟಿ ಆಗ್ತದ, ಇದು ಇಪ್ಪತ್ತೆಂಟಕ್ಕ ಸಪ್ಪಗಾಗ್ತದ" ಎಂದು ಬರೆದುಕೊಂಡರು. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಐದಕ್ಕೇ ಮುಗಿಯಬಹುದು, ಕಡಿಮೆ ಹುರಿದರೆ ಇನ್ನೂ ನಾಲ್ಕೈದು ದಿನ ಹೆಚ್ಚು ಬೇಕಾಗಬಹುದು ಎಂದೂ ಕೆಳಗೆ ಸೇರಿಸಿದರು. ಆದರೆ ತಾವು ಹುರಿಯುವ ಬಣ್ಣಕ್ಕೆ, ಚಳಿಗಾಲಕ್ಕೆ, ಏಳು. ಅದರ ಅಡಿಗೆ ಒಂದು ಗೆರೆ ಎಳೆದರು.

ಅಲ್ಲಿಂದ ಅದೊಂದು ವ್ರತದ ಹಾಗಾಯಿತು. ಹುರಿದು, ಅಂಗಳದ ಫರಸಿ ಕಲ್ಲಿನ ಮೇಲೆ ಹರವಿ ತಣಿಸಿ, ಸೂಜಿಯಿಂದ ಒಂದೇ ತೂತು ಮಾಡಿದ ಮುಚ್ಚಳದ ಡಬ್ಬಿಗೆ ತುಂಬುತ್ತಿದ್ದರು. ಒಮ್ಮೆ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಕುಳಿತಿದ್ದಾಗ ಎದುರಿನ ಸೀಟಿನವನು ವಾಸನೆಗೆ ಮೂಗು ಎತ್ತಿ, "ಏನದರಿ ಅದರಾಗ?" ಎಂದು ಕೈ ಚಾಚಿದ. "ಆರಾಮ್ ಮಾಡಾಕತ್ಯಾವರಿ, ಎಬ್ಬಿಸಬ್ಯಾಡ್ರಿ" ಎಂದು ಅವರು ಡಬ್ಬಿಯನ್ನು ಎದೆಗೆ ಎಳೆದುಕೊಂಡರು. ಆ ಮನುಷ್ಯ ಸೇಡಂ ಬರುವವರೆಗೆ ಕಾಲು ಮಡಚಿಕೊಂಡೇ ಕುಳಿತ. ಒಳಗೆ ಹಾವು ಇದೆ ಎಂದುಕೊಂಡಿರಬೇಕು.

ಕಾಕುವಿಗೆ ಈ ಕಾಯುವಿಕೆ ವಿಚಿತ್ರವೆನಿಸಲಿಲ್ಲ. "ಬಿಸಿ ರೊಟ್ಟಿದು ಒಂದು ನಮೂನಿ, ಖಡಕ್ ರೊಟ್ಟಿದು ಒಂದು ನಮೂನಿ. ಇವರಿಗಿ ಈಗ ತಿಳೀತು" ಎಂದರು. ಅದನ್ನೂ ಅವರು ಪುಸ್ತಕದಲ್ಲಿ ಬರೆದುಕೊಂಡರು, ಹೇಳಿದವರ ಹೆಸರಿನ ಸಮೇತ.

ಆದರೆ ಭೀಮವ್ವ ಒಲಿಯಲಿಲ್ಲ. ಪ್ರತಿ ಏಳನೇ ದಿನ ಅವರು ಗ್ಲಾಸ್ ಹಿಡಿದು ಅವಳ ಮೂಲೆಗೆ ಹೋಗುತ್ತಿದ್ದರು.

"ಭೀಮವ್ವ, ಇವತ್ತ ಏಳು."

"ಏಳಾಗ್ಲಿ ಎಪ್ಪತ್ತಾಗ್ಲಿ, ನಂದು ಚಾ ಅದರಿ."

ಹನ್ನೆರಡು ವರ್ಷ ಹೀಗೇ ನಡೆಯಿತು. ಉತ್ಪ್ರೇಕ್ಷೆಯಲ್ಲ. ಅವರು ಒತ್ತಾಯ ಮಾಡುತ್ತಿರಲಿಲ್ಲ. ಒಂದು ಸಲ ಕೇಳಿ, ಮರಳಿ ಬಂದು, ಆ ಗ್ಲಾಸನ್ನು ತಾವೇ ಕುಡಿಯುತ್ತಿದ್ದರು. ನಾವು ಎಷ್ಟು ಹೊಗಳಿದರೂ ಪುಸ್ತಕದಲ್ಲಿ 'ಪಾಸ್' ಎಂದು ಬರೆಯುತ್ತಿರಲಿಲ್ಲ. ನಿವೃತ್ತಿಗೆ ಆರು ತಿಂಗಳು ಉಳಿದಿದ್ದಾಗ ಭೀಮವ್ವನೇ ಒಂದು ದಾರಿ ಬಿಟ್ಟಳು.

"ನೀವ್ ಹೋಗೂ ದಿನ ಕುಡೀತೀನ್ರಿ. ಒಂದೇ ಗ್ಲಾಸ್. ಅವತ್ತ ಅಲ್ದ ಮತ್ತ ಯಾವತ್ತೂ ಕೇಳಬಾರ್ದು."

"ಆತು" ಎಂದರು. ಧ್ವನಿ ಸಣ್ಣದಾಗಿತ್ತು.

ಅವರು ನಿವೃತ್ತರಾಗುವ ದಿನ ಜನವರಿ ಮೂವತ್ತೊಂದು. ಇಪ್ಪತ್ತನಾಲ್ಕಕ್ಕೆ ಹುರಿಯಬೇಕು. ಬೀಜ ತರುವ ಲಾರಿ ಇಪ್ಪತ್ತೆರಡಕ್ಕೆ ಬರಬೇಕಿತ್ತು, ದಾರಿಯಲ್ಲಿ ಕೆಟ್ಟು ನಿಂತಿತು. ಇಪ್ಪತ್ತನಾಲ್ಕು ಹೋಯಿತು, ಇಪ್ಪತ್ತೈದು ಹೋಯಿತು. ದಿನಕ್ಕೆ ಎರಡು ಸಲ ಗೇಟಿನವರೆಗೆ ನಡೆದು ಹೋಗಿ ಬರುತ್ತಿದ್ದರು. ಲಾರಿ ಬಂದದ್ದು ಇಪ್ಪತ್ತೊಂಬತ್ತರ ಬೆಳಗ್ಗೆ. ಅಂದೇ ಸಂಜೆ ಹುರಿದರು. ಸಮಾರಂಭದ ದಿನಕ್ಕೆ ಅದು ಎರಡನೇ ದಿನದ ಬೀಜ.

ನಾನೊಂದು ಉಪಾಯ ಹೇಳಿದೆ. ಇಪ್ಪತ್ತೆಂಟು ದಿನ ಕಾಯಲಾಗದಿದ್ದರೆ ನಾವು ಕ್ಯೂಬುಗಳನ್ನು ಬಿಸಿ ನೀರಿನಲ್ಲಿಟ್ಟು ಒಂದೇ ದಿನದಲ್ಲಿ ಒಡೆದು, ಮುಂದಿನ ಬಲವನ್ನು ಲೆಕ್ಕ ಹಾಕುವ ಕ್ರಮವೊಂದಿದೆ. "ಡಬ್ಬಿ ಬೆಚ್ಚಗಿನ ಜಾಗದಾಗ ಇಟ್ರ ಉಸುರು ಜಲ್ದಿ ಮುಗಿತದಲ್ಲ ಸರ್?" ಎಂದೆ.

"ಅದು ಅಂದಾಜು ತಮ್ಮಾ. ಅಂದಾಜು ಬರೀಲಾಕ ಬರ್ತದ. ಕುಡಸ್ಲಾಕ ಬರ್ತದೇನು?"

"ಕಲಬುರಗಿಯಿಂದ ತಯಾರ್ ಪುಡಿ ತರ್ಲಾ?"

"ಅದರ ತಾರೀಕು ಯಾರಿಗಿ ಗೊತ್ತು?"

ಮೂವತ್ತೊಂದರ ಮಧ್ಯಾಹ್ನ ಮೂರು ಗಂಟೆಗೆ ಲ್ಯಾಬಿನ ಮುಂದೆ ಶಾಮಿಯಾನ. ಸೂಚನಾಫಲಕದಲ್ಲಿ, ಇಂದು ಚಹಾ ಬದಲು ಕಾಫಿ ಎಂದು ನಮ್ಮವರು ಬರೆದಿದ್ದರು. ಶಾಲು, ಹಾರ, ಭಾಷಣ ಆದವು. ಅವರು ಎದ್ದು ನಿಂತು ಎಲ್ಲರಿಗೂ ಕೈ ಮುಗಿದು, "ಕಾಫಿ ಇಲ್ರಿ. ಇನ್ನಾ ಐದು ದಿನ ಅದ" ಎಂದು ಕುಳಿತರು. ಅದೇ ಅವರ ಬೀಳ್ಕೊಡುಗೆ ಭಾಷಣ. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಭೀಮವ್ವ ನಗಲಿಲ್ಲ. ಹೊಸ ಸೀರೆ ಉಟ್ಟು ಬಂದಿದ್ದಳು. ಖಾಲಿ ಗ್ಲಾಸ್ ಹಿಡಿದು ಅವರ ಮುಂದೆ ಬಂದು ನಿಂತಳು. ನಾನು ಪಕ್ಕದಲ್ಲೇ ಇದ್ದೆ.

"ಹಾಕ್ರಿ. ಮಾತು ಕೊಟ್ಟೀನಿ."

"ಆಗಿಲ್ಲ ಭೀಮವ್ವ."

"ಹೆಂಗ ಅದ ಹಂಗ ಹಾಕ್ರಿ. ಕುಡದು ಬಿಡ್ತೀನಿ, ಉಗುಳಂಗಿಲ್ಲ."

"ನೀ ಉಗುಳಂಗಿಲ್ಲ ಅಂದ್ರ ನಾ ಯಾಕ ಕುಡಸ್ಲಿ?"

ಅವಳು ಗ್ಲಾಸನ್ನು ಕೆಳಗೆ ಇಳಿಸಿದಳು. "ನಾಳಿಂದ ನೀವ್ ಇರಂಗಿಲ್ಲ. ನನ್ನ ಮಾತು ಇವತ್ತಿಗಿ ತೀರ್ತು ನೋಡ್ರಿ."

"ತೀರ್ತು."

ಅವಳು ಹೋಗಿ ಚಹಾ ಕುದಿಸಿ ತಂದಳು. ಅವರು ಅದನ್ನು ಕೊನೆಯ ಹನಿಯವರೆಗೆ ಕುಡಿದು ಗ್ಲಾಸ್ ಮರಳಿಸಿದರು. ಐದೂವರೆಗೆ ಗೇಟಿನಲ್ಲಿ ತಮ್ಮ ಗುರುತಿನ ಚೀಟಿ, ಹೆಲ್ಮೆಟ್ ಒಪ್ಪಿಸಿ ಸಹಿ ಹಾಕಿದರು.

ಫೆಬ್ರುವರಿ ಐದರಂದು ಬೆಳಗ್ಗೆ ಹತ್ತೂ ಹತ್ತಕ್ಕೆ ಲ್ಯಾಬಿನ ಫೋನು ರಿಂಗಾಯಿತು. ಗೇಟಿನ ಕಾವಲುಗಾರ. ಹೊಸಬ.

"ಯಾರೋ ಒಬ್ರು ಬಂದಾರ್ರಿ. ಥರ್ಮಾಸ್ ಹಿಡಕೊಂಡು ನಿಂತಾರ. ಯಾರ್ನ ಭೇಟಿ ಅಂದ್ರ ಭೀಮವ್ವನ್ನ ಅಂತಾರ. ಏನ್ ಕೆಲಸ ಅಂದ್ರ ಪರೀಕ್ಷಾ ಅಂತಾರ. ತಿಂಬೂದು ಕುಡಿಯೂದು ಒಳಗ ಬಿಡಂಗಿಲ್ರಿ ನಾವು."

ನಾನು ರಿಸೀವರ್ ಕೈಯಿಂದ ಮುಚ್ಚಿ ಭೀಮವ್ವನಿಗೆ ಹೇಳಿದೆ.

"ನಾ ಯಾಕ ಹೋಗ್ಲಿ? ಮಾತು ತೀರ್ಯಾದ" ಎಂದಳು. ಪೊರಕೆಯನ್ನು ಗೋಡೆಗೆ ಒರಗಿಸಿದಳು. ನಲ್ಲಿಯಲ್ಲಿ ಕೈ ತೊಳೆದಳು, ಮುಖ ತೊಳೆದಳು, ಸೆರಗಿನಿಂದ ಒರೆಸಿಕೊಂಡಳು. "ಬರ್ರಿ ಮತ್ತ, ಏನ್ ನಿಂತ್ಕೊಂಡು ನೋಡ್ತೀರಿ?"

ನಾವು ಏಳು ಜನ ಹೊರಟೆವು. ಅವಳು ಎಲ್ಲರಿಗಿಂತ ಮುಂದೆ.

ಅವರು ಗೇಟಿನ ಅಡ್ಡಪಟ್ಟಿಯ ಆಚೆ ನಿಂತಿದ್ದರು. ಬಿಳಿ ಅಂಗಿ, ಒಂದು ಕೈಯಲ್ಲಿ ಥರ್ಮಾಸ್, ಇನ್ನೊಂದರಲ್ಲಿ ಸ್ಟೀಲ್ ಗ್ಲಾಸುಗಳ ಚೀಲ. ಕೆಲಸದ ಹೊತ್ತಿನಲ್ಲಿ ಹೆಲ್ಮೆಟ್ಟಿಲ್ಲದ ಅವರ ತಲೆಯನ್ನು ಅಲ್ಲಿ ನಾನು ನೋಡಿದ್ದು ಅದೇ ಮೊದಲು. ಹಣೆಯ ಮೇಲೆ ಹೆಲ್ಮೆಟ್ ಕೂರುತ್ತಿದ್ದ ಕಡೆ ಚರ್ಮ ಬೆಳ್ಳಗೆ, ಒಂದು ಪಟ್ಟಿಯ ಹಾಗೆ ಕಾಣುತ್ತಿತ್ತು. ಮೂವತ್ತು ವರ್ಷಕ್ಕೂ ಮೇಲೆ ದಿನಾ ದಾಟಿದ ಗೇಟಿನ ಹೊರಗೆ, ಪಾಸಿಲ್ಲದೆ. ನಾನು ಕೈ ಮುಗಿದೆ.

ಅವರು ನನ್ನನ್ನು ನೋಡಲಿಲ್ಲ. ಗ್ಲಾಸ್ ತೆಗೆದು, ತುಂಬಿಸಿ, ಅಡ್ಡಪಟ್ಟಿಯ ಮೇಲಿಂದ ಚಾಚಿದರು.

"ಭೀಮವ್ವ, ಇವತ್ತ ಏಳು."

ಅವಳು ಇಸಿದುಕೊಂಡಳು. ಮೂಸಿ ನೋಡಿದಳು. ಒಂದು ಗುಟುಕು. ಬಾಯಲ್ಲಿ ಇಟ್ಟುಕೊಂಡಳು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು. ಕಾವಲುಗಾರನೂ ನೋಡುತ್ತಿದ್ದ. ನುಂಗಿದಳು. ಎರಡನೆಯದು. ಆಮೇಲೆ ನಿಲ್ಲಿಸದೆ ಕುಡಿದಳು. ಕೊನೆಗೆ ಗ್ಲಾಸನ್ನು ಬೋರಲು ಮಾಡಿ ಅವರಿಗೆ ತೋರಿಸಿದಳು. ಒಂದು ಹನಿ ನೆಲಕ್ಕೆ ಬಿತ್ತು.

"ಸಕ್ರಿ ಜರಾ ಕಮ್ಮಿ ಆಗ್ಯಾದ್ರಿ" ಎಂದಳು.

ಅವರು ಪುಸ್ತಕ ತೆಗೆದರು. ಪೆನ್ನು ಕೂಡಲೇ ಬರೆಯಲಿಲ್ಲ, ಎರಡು ಸಲ ಕೊಡವಿದರು.

"ಬರ್ಕೊಂಡ್ರಿ?"

"ಬರ್ಕೊಂಡೆ."

"ಹಂಗಾರ ಮುಂದಿನ ಸಲ ಬರೋಬರ್ ಹಾಕ್ಕೊಂಡು ಬರ್ರಿ."

ಅವರು ತಲೆ ಎತ್ತಿದರು. ಮುಂದಿನ ಸಲ ಎಂಬ ಮಾತನ್ನು ಅವರು ಎಣಿಸಿರಲಿಲ್ಲ. ನಾವೂ ಎಣಿಸಿರಲಿಲ್ಲ. ಬೆರಳುಗಳ ಮೇಲೆ ಲೆಕ್ಕ ಹಾಕಿದರು.

"ಇವತ್ತ ಸಂಜಿಗಿ ಹುರದ್ರ ಹನ್ನೆರಡಕ್ಕ ಆಗ್ತದ. ಹನ್ನೆರಡಕ್ಕ ಬರ್ತೀನಿ."

"ಹನ್ನೆರಡಕ್ಕ ನಂದು ರಜಾ ಅದರಿ. ಹದಿಮೂರಕ್ಕ ಬರ್ರಿ."

ಅವರು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಏಳರ ಅಡಿಯ ಆ ಹಳೆಯ ಗೆರೆ ನನಗೂ ಕಾಣುತ್ತಿತ್ತು. ಆಮೇಲೆ ಪುಸ್ತಕ ಮುಚ್ಚಿ ಕಿಸೆಗೆ ಹಾಕಿಕೊಂಡರು.

"ಎಂಟನೇ ದಿನಾನೂ ನಡೀತದ ಭೀಮವ್ವ" ಎಂದರು.